ಸಮುದಾಯ, ಸಮಯ, ಸಂಘ: ಕೆಲವು ಸಮೂಹವಾಚಕ ಶಬ್ದಗಳ ಅರ್ಥವಿಚಾರ

ನಮ್ಮ ನಾಡಿನ ತಾಲ್ಲೂಕು ಪಟ್ಟಣಗಳಲ್ಲಿ ಸಂಚರಿಸುವಾಗ ‘ಸಮುದಾಯ’ ಎಂಬ ಶಬ್ದವು ಎರಡು ಬಗೆಯ ಫಲಕಗಳ ಮೇಲೆ ಕಣ್ಣಿಗೆ ಬೀಳುತ್ತದೆ. ಒಂದು, ಸರಕಾರದ ‘ಸಮುದಾಯ ಆರೋಗ್ಯ ಕೇಂದ್ರ’. ಮತ್ತೊಂದು, ಯಾವುದೋ ಒಂದು ಜಾತಿಯವರು ಹಣ ಕೂಡಿಸಿ ಕಟ್ಟಿಸಿದ ‘ಸಮುದಾಯ ಭವನ’. ಮೊದಲನೆಯ ಫಲಕದಲ್ಲಿ ಸಮುದಾಯವೆಂದರೆ ಆ ಸುತ್ತಿನಲ್ಲಿ ವಾಸಿಸುವ ಸಮಸ್ತ ಜನರು. ಎರಡನೆಯದರಲ್ಲಿ ಒಂದು ಕುಲದಲ್ಲಿ ಹುಟ್ಟಿದವರು ಮಾತ್ರ. ದಾರಿಹೋಕನು ಈ ಎರಡರ್ಥಗಳ ನಡುವೆ ಎಡವುವುದಿಲ್ಲ; ಸಂದರ್ಭವೇ ಅವನಿಗೆ ಅರ್ಥವನ್ನು ತಿಳಿಸಿಕೊಡುತ್ತದೆ. ಆದರೆ ಚರಿತ್ರೆಯ ವಿದ್ಯಾರ್ಥಿಯು ಇದೇ ಶಬ್ದವನ್ನು ಎಂಟುನೂರು ವರ್ಷಗಳ ಹಿಂದಣ ಶಾಸನವೊಂದಕ್ಕೆ ಅನ್ವಯಿಸಿದಾಗ ಅಂತಹ ನೆರವು ಅವನಿಗೆ ಒದಗುವುದಿಲ್ಲ. ಶಾಸನದಲ್ಲಿರುವುದು ‘ಸಮಯ’, ಪಠ್ಯಪುಸ್ತಕದಲ್ಲಿ ಅದು ‘ಸಮುದಾಯ’ವಾಗುತ್ತದೆ, ಓದುಗನ ಮನಸ್ಸಿನಲ್ಲಿ ಅದು ‘ಜಾತಿ’ಯಾಗಿ ನಿಲ್ಲುತ್ತದೆ. ಮೂರು ಮೆಟ್ಟಿಲುಗಳಲ್ಲಿ ಒಂದು ಕಾಲದ ಸಂಗತಿ ಮತ್ತೊಂದು ಕಾಲದ ಸಂಗತಿಯಾಗಿ ಮಾರ್ಪಟ್ಟುಬಿಡುತ್ತದೆ.

ಇದು ಕೇವಲ ಪದಗಳ ವಿಚಾರವಲ್ಲ. ತಮ್ಮ ಕುಲದ ಪ್ರಾಚೀನತೆಯನ್ನು ಸಾಧಿಸಲು ಶಾಸನಗಳನ್ನು ಎತ್ತಿ ತೋರಿಸುವ ಪರಿಪಾಠವು ನಮ್ಮಲ್ಲಿ ಬಲವಾಗಿದೆ. ಜನರನ್ನು ಯಾವ ಹೆಸರಿನಿಂದ ಎಣಿಸಬೇಕು, ಯಾವ ಹೆಸರಿನವರಿಗೆ ಯಾವ ಸೌಲಭ್ಯ ಸಲ್ಲಬೇಕು ಎಂಬ ವಾದಗಳಿಗೆ ಚರಿತ್ರೆಯ ಪುಟಗಳು ಸಾಕ್ಷಿಯಾಗಿ ಕರೆಯಲ್ಪಡುತ್ತಿವೆ. ಸಾಕ್ಷಿಯ ಮಾತನ್ನು ತಿದ್ದಿ ಬರೆದುಕೊಳ್ಳುವುದು ನ್ಯಾಯವಲ್ಲ. ಆದುದರಿಂದ ಕನ್ನಡದಲ್ಲಿ ಬಳಕೆಯಲ್ಲಿದ್ದ ಹಾಗೂ ಇರುವ ಮುಖ್ಯ ಸಮೂಹವಾಚಕ ಶಬ್ದಗಳನ್ನು ಒಂದೆಡೆ ಇರಿಸಿ, ಒಂದೊಂದೂ ಜನರನ್ನು ಯಾವ ಬಂಧದಿಂದ ಕೂಡಿಸಿ ಹೇಳುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ವಿಜ್ಞಾನೇಶ್ವರನ ವಿಂಗಡಣೆ

ಈ ಪರಿಶೀಲನೆಗೆ ಬೇಕಾದ ಮೊದಲ ಸಾಧನವು ನಮ್ಮ ನಾಡಿನಲ್ಲಿಯೇ ದೊರೆಯುತ್ತದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ೧೦೭೬ರಿಂದ ೧೧೨೬ರ ವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ವ್ಯವಹಾರಗಳನ್ನು, ಎಂದರೆ ವ್ಯಾಜ್ಯಗಳನ್ನು, ತೀರ್ಮಾನಿಸುವ ಅಧಿಕಾರ ಯಾರಿಗುಂಟು ಎಂದು ಹೇಳುವ ಸಂದರ್ಭದಲ್ಲಿ ಸ್ಮೃತಿಯು ರಾಜನಿಂದ ನೇಮಿತರಾದವರು, ಪೂಗ, ಶ್ರೇಣಿ, ಕುಲ ಎಂದು ನಾಲ್ಕನ್ನು ಎಣಿಸುತ್ತದೆ. ವಿಜ್ಞಾನೇಶ್ವರನು ಕೊನೆಯ ಮೂರನ್ನು ಬಹು ಸ್ಪಷ್ಟವಾಗಿ ವಿಂಗಡಿಸಿದ್ದಾನೆ. ಅವನ ಪ್ರಕಾರ ಪೂಗವೆಂದರೆ ಬೇರೆ ಬೇರೆ ಜಾತಿಗಳವರೂ ಬೇರೆ ಬೇರೆ ವೃತ್ತಿಗಳವರೂ ಆಗಿದ್ದು ಒಂದೇ ಸ್ಥಳದಲ್ಲಿ ವಾಸಿಸುವವರ ಸಮೂಹ. ಗ್ರಾಮ, ನಗರ ಮೊದಲಾದವು ಅದಕ್ಕೆ ನಿದರ್ಶನ. ಶ್ರೇಣಿಯೆಂದರೆ ನಾನಾ ಜಾತಿಗಳವರಾಗಿದ್ದೂ ಒಂದೇ ಬಗೆಯ ಕೆಲಸದಿಂದ ಜೀವಿಸುವವರ ಕೂಟ. ಕುದುರೆಯ ವ್ಯಾಪಾರಿಗಳು, ಎಲೆ ಮಾರುವವರು, ನೇಯುವವರು, ಚರ್ಮದ ಕೆಲಸದವರು ಅವನು ಕೊಡುವ ಉದಾಹರಣೆಗಳು. ಕುಲವೆಂದರೆ ಜ್ಞಾತಿಗಳು, ಸಂಬಂಧಿಗಳು, ಬಂಧುಗಳು ಇವರ ಸಮೂಹ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ನೆಲ, ಕಸುಬು, ರಕ್ತ ಎಂಬ ಮೂರು ಬೇರೆ ಬೇರೆ ಬಂಧಗಳಿಗೆ ಮೂರು ಬೇರೆ ಬೇರೆ ಹೆಸರುಗಳಿವೆ. ಈ ಮೂರಕ್ಕೂ ಸಮಾನವಾದ ಒಂದೇ ಹೆಸರಿನ ಅಗತ್ಯವು ಶಾಸ್ತ್ರಕಾರನಿಗೆ ಕಂಡಿಲ್ಲ. ‘ಸಮೂಹ’, ‘ಸಂಘಾತ’ ಎಂಬ ಸಾಮಾನ್ಯ ಶಬ್ದಗಳಿಂದಲೇ ಅವನು ಕೆಲಸವನ್ನು ಪೂರೈಸಿದ್ದಾನೆ. ಎರಡನೆಯದಾಗಿ, ಇವುಗಳಲ್ಲಿ ತರತಮವುಂಟು. ಕುಲದ ತೀರ್ಪಿನಿಂದ ತೃಪ್ತನಾಗದವನು ಶ್ರೇಣಿಗೂ, ಅಲ್ಲಿಂದ ಪೂಗಕ್ಕೂ, ಕೊನೆಗೆ ರಾಜನ ಅಧಿಕಾರಿಗಳ ಬಳಿಗೂ ಹೋಗಬಹುದು. ಎಂದರೆ ಬಂಧುತ್ವದ ಸಮೂಹಕ್ಕಿಂತ ಕಸುಬಿನ ಸಮೂಹವೂ, ಅದಕ್ಕಿಂತ ನೆಲದ ಸಮೂಹವೂ ನ್ಯಾಯದ ದೃಷ್ಟಿಯಿಂದ ಮೇಲಾಗಿದ್ದವು. ಇದು ಶಾಸ್ತ್ರದ ಮಾತು. ಎಲ್ಲ ಊರುಗಳಲ್ಲಿಯೂ ಹೀಗೆಯೇ ನಡೆಯಿತೆಂದು ಇದರಿಂದ ಸಾಧಿಸಲಾಗದು. ಆದರೂ, ಹನ್ನೆರಡನೆಯ ಶತಮಾನದ ಹೊತ್ತಿಗೆ ಕನ್ನಡ ನಾಡಿನ ಧರ್ಮಶಾಸ್ತ್ರಜ್ಞನೊಬ್ಬನು ಸಮೂಹ ಮತ್ತು ಜಾತಿಗಳನ್ನು ಒಂದೆಂದು ಭಾವಿಸಿರಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

೨. ‘ಸಮಯ’ದ ಕಥೆ

ನೆಲ, ಕಸುಬು, ರಕ್ತಗಳಲ್ಲದೆ ನಾಲ್ಕನೆಯ ಬಂಧವೊಂದುಂಟು, ಅದು ಒಪ್ಪಂದ. ಇಂದು ‘ಸಮಯ’ವೆಂದರೆ ಕಾಲ. ಹಳೆಯ ಬಳಕೆಯಲ್ಲಿ ಅದಕ್ಕೆ ಬೇರೊಂದರ್ಥವಿತ್ತು. ಪಾಷಂಡರು, ನೈಗಮರು ಮೊದಲಾದವರು ತಮ್ಮ ತಮ್ಮೊಳಗೆ ಏರ್ಪಡಿಸಿಕೊಂಡ ಕಟ್ಟಳೆಯನ್ನು ನಾರದಸ್ಮೃತಿಯು ಸಮಯವೆಂದು ಕರೆದು, ಅದನ್ನು ಮೀರುವುದನ್ನು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿದೆ. ಇಲ್ಲಿ ಸಮಯವೆಂಬುದು ಜನರ ಹೆಸರಲ್ಲ. ಜನರನ್ನು ಕಟ್ಟಿದ ಕಟ್ಟಳೆಯ ಹೆಸರು. ಕಾಲಕ್ರಮದಲ್ಲಿ ಆ ಕಟ್ಟಳೆಗೆ ಒಳಪಟ್ಟವರಿಗೇ ಅದೇ ಹೆಸರು ಬಂದಿತು. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಸಮಯವು ಮತಪಂಥಗಳನ್ನು ಸೂಚಿಸುತ್ತದೆ. ವ್ಯಾಪಾರಿಗಳ ಮತ್ತು ಕುಶಲಕರ್ಮಿಗಳ ಕೂಟಗಳನ್ನೂ ಸೂಚಿಸುತ್ತದೆ. ಕಟ್ಟಿದ ಹಗ್ಗದ ಹೆಸರೇ ಕಟ್ಟಿನೊಳಗಿನ ಹೊರೆಗೂ ಹತ್ತಿದಂತೆ ಇದು.

ಈ ಅರ್ಥಪರಿವರ್ತನೆಯನ್ನು ತಿಳಿಯದೆ ಸಮಯವನ್ನು ಬರಿದೆ ‘ಮತ’ವೆಂದು ತಿಳಿದರೆ ನಿಯಮದ ಅಂಶವು ಲೋಪವಾಗುತ್ತದೆ, ‘ಜಾತಿ’ಯೆಂದು ತಿಳಿದರಂತೂ ಒಪ್ಪಂದದ ಸ್ಥಾನದಲ್ಲಿ ಹುಟ್ಟು ಬಂದು ಕೂರುತ್ತದೆ. ಒಪ್ಪಂದಕ್ಕೆ ಸೇರಬಹುದು, ಅದನ್ನು ಮುರಿದು ಹೊರಹಾಕಿಸಿಕೊಳ್ಳಲೂಬಹುದು. ಹುಟ್ಟಿಗೆ ಈ ಎರಡೂ ಇಲ್ಲ.

೩. ೧೩೬೮ರ ಶಾಸನ

ಈ ಶಬ್ದಗಳೆಲ್ಲ ಒಂದೇ ಕಲ್ಲಿನ ಮೇಲೆ ನೆರೆದಿರುವುದನ್ನು ಕಾಣಬೇಕಾದರೆ ಶ್ರವಣಬೆಳಗೊಳದಲ್ಲಿರುವ ಒಂದನೆಯ ಬುಕ್ಕರಾಯನ ೧೩೬೮ರ ಶಾಸನವನ್ನು ಓದಬೇಕು. ಇದರ ಮತ್ತೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಉಂಟು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಜೈನರು ತಮಗೆ ಭಕ್ತರಿಂದಾಗುತ್ತಿದ್ದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯ ಮತ್ತು ಕಳಶಗಳ ಗೌರವವು ಜೈನ ದರ್ಶನಕ್ಕೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದಾಯಿತು. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಎತ್ತಿ, ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿಯನ್ನು ಶ್ರೀವೈಷ್ಣವರು ನೇಮಿಸಬೇಕು. ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆಯನ್ನು ತಿರುಮಲೆಯ ತಾತಯ್ಯನು ಹೊರಬೇಕು. ಇದು ಶಾಸನದ ಸಾರಾಂಶ.

ಈಗ ಇಲ್ಲಿಯ ಶಬ್ದಗಳನ್ನು ನೋಡೋಣ. ಶ್ರೀವೈಷ್ಣವರನ್ನು ‘ಹದಿನೆಂಟು ನಾಡಿನವರು’ ಎಂದಿರುವಲ್ಲಿ ಸಮೂಹವನ್ನು ಗುರುತಿಸಿರುವುದು ನೆಲದಿಂದ. ಆ ಶ್ರೀವೈಷ್ಣವರ ಪಟ್ಟಿಯೊಳಗೆಯೇ ಆಚಾರ್ಯರೊಂದಿಗೆ ತಿರುಕುಲ, ಜಾಂಬವಕುಲಗಳೂ ಸೇರಿವೆ; ಅಲ್ಲಿ ‘ಕುಲ’ವು ಹುಟ್ಟಿನ ಗುರುತು. ತತ್ತ್ವವನ್ನು ಹೇಳುವಾಗ ‘ದರ್ಶನ’ವೂ, ಕಟ್ಟುಪಾಡುಳ್ಳ ಜನಸಮೂಹವಾಗಿ ವೈಷ್ಣವರು ಜೈನ ದರ್ಶನವನ್ನು ರಕ್ಷಿಸುವರೆಂದು ಹೇಳುವಾಗ ‘ಸಮಯ’ವೂ ಬಂದಿವೆ. ಕಟ್ಟಳೆಯನ್ನು ಮೀರಿದವನು ರಾಜನಿಗೆ ದ್ರೋಹಿ ಮಾತ್ರವಲ್ಲ, ‘ಸಂಘ ಸಮುದಾಯ’ಕ್ಕೂ ದ್ರೋಹಿ ಎಂದು ವಿಧಿಸಲಾಗಿದೆ. ಕೊನೆಯಲ್ಲಿ, ಈ ಕಾರ್ಯಕ್ಕೆ ಮುಂದಾಗಿ ನಿಂತ ಕಲ್ಲೇಹದ ಬುಸುವಿ ಸೆಟ್ಟಿಗೆ ಉಭಯಪಕ್ಷದವರೂ ಕೂಡಿ ‘ಸಂಘನಾಯಕ’ ಪಟ್ಟವನ್ನು ಕಟ್ಟಿದರೆಂದಿದೆ.

ನಾಡು, ಕುಲ, ದರ್ಶನ, ಸಮಯ, ಸಂಘ, ಸಮುದಾಯ—ಒಂದೇ ಶಾಸನದಲ್ಲಿ ಆರು ಶಬ್ದಗಳು. ಶಾಸನವನ್ನು ಬರೆದವನು ಅಲಂಕಾರಕ್ಕಾಗಿ ಪರ್ಯಾಯ ಪದಗಳನ್ನು ಪೋಣಿಸಿದ್ದಾನೆಂದು ತಿಳಿಯಲು ಕಾರಣವಿಲ್ಲ. ಒಂದೊಂದು ಶಬ್ದವೂ ತನ್ನ ಎಡೆಯಲ್ಲಿ ತನ್ನ ಕೆಲಸವನ್ನು ಮಾಡಿದೆ. ಇವೆಲ್ಲವನ್ನೂ ‘ಸಮುದಾಯ’ವೆಂಬ ಒಂದೇ ಶಬ್ದದಿಂದ ತಿಳಿಯಾಗಿಸಿದರೆ, ‘ಎರಡು ಸಮುದಾಯಗಳ ಜಗಳವನ್ನು ಅರಸನು ಬಗೆಹರಿಸಿದನು’ ಎಂಬ ವಾಕ್ಯ ಉಳಿಯುತ್ತದೆ. ಅದು ಸುಳ್ಳಲ್ಲ, ಆದರೆ ಒಂದೇ ಸಮಯದೊಳಗೆ ಅನೇಕ ಕುಲಗಳಿದ್ದವು, ಒಂದೇ ಪಟ್ಟಿಯಲ್ಲಿ ಆಚಾರ್ಯನೂ ಜಾಂಬವಕುಲದವನೂ ಇದ್ದರು, ಕಟ್ಟಳೆಯ ಮೂಲಕ ಎರಡು ಸಮಯಗಳು ಪರಸ್ಪರ ಹೊಣೆಗೆ ಒಳಪಟ್ಟವು ಎಂಬ ಮುಖ್ಯ ಸಂಗತಿಗಳು ಆ ವಾಕ್ಯದಲ್ಲಿ ಇಲ್ಲ. ಕಾವಲಿನ ವೆಚ್ಚವನ್ನು ಕಾಯಲ್ಪಟ್ಟವರೇ ಕೊಡಬೇಕಾಯಿತೆಂಬುದೂ ಅಲ್ಲಿ ಮರೆಯಾಗುತ್ತದೆ.

೪. ಸಂಖ್ಯೆಯೇ ಹೆಸರಾದ ಸಮೂಹಗಳು

ಶಾಸನಗಳಲ್ಲಿ ಮತ್ತೊಂದು ಬಗೆಯ ಹೆಸರುಗಳು ಹೇರಳವಾಗಿವೆ. ಬನವಾಸಿ ಪನ್ನಿರ್ಚ್ಛಾಸಿರ, ಗಂಗವಾಡಿ ತೊಂಬತ್ತರುಸಾಸಿರ, ಬೆಳ್ವೊಲ ಮುನ್ನೂರು ಎಂದು ನಾಡುಗಳಿಗೆ ಸಂಖ್ಯೆಗಳು ಹತ್ತಿರುವಂತೆ ಸಮೂಹಗಳಿಗೂ ಸಂಖ್ಯೆಗಳು ಹತ್ತಿವೆ. ಅಗ್ರಹಾರದ ಮಹಾಜನರು ಇಂತಿಷ್ಟು ಮಂದಿಯೆಂದು ಹೇಳಿಕೊಳ್ಳುತ್ತಾರೆ. ಎಣ್ಣೆ ತೆಗೆಯುವ ತೆಲ್ಲಿಗರು ‘ಐವತ್ತೊಕ್ಕಲು’ ಎಂಬ ಹೆಸರಿನಿಂದ ದತ್ತಿಗಳನ್ನು ಕೊಡುತ್ತಾರೆ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಯ್ಯಾವೊಳೆಯ ಐನೂರ್ವರದು. ಐಹೊಳೆಯ ಹೆಸರನ್ನು ಹೊತ್ತ ಈ ವ್ಯಾಪಾರಿಗಳ ಕೂಟದ ಶಾಸನಗಳು ಕನ್ನಡ, ತಮಿಳು, ತೆಲುಗು ನಾಡುಗಳಲ್ಲಿ ಮಾತ್ರವಲ್ಲದೆ ಸಿಂಹಳದಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಲೋಬು ತುವಾ ಎಂಬಲ್ಲಿ ೧೦೮೮ರ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ.

ಈ ಐನೂರ್ವರು ಯಾವ ಜಾತಿಯವರು ಎಂದು ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆಯೇ ಸರಿಯಾದುದಲ್ಲ. ಶಾಸನಗಳು ಐನೂರ್ವರೊಂದಿಗೆ ಗವರೆ, ಗಾತ್ರಿಗ, ಸೆಟ್ಟಿ, ಸೆಟ್ಟಿಗುತ್ತ, ಬೀರವಣಿಗ, ಗಾವುಂಡ ಮೊದಲಾದ ಅನೇಕರನ್ನು ಎಣಿಸುತ್ತವೆ. ಅವರೆಲ್ಲರಿಗೂ ಸಮಾನವಾಗಿದ್ದುದು ‘ವೀರಬಣಂಜು ಧರ್ಮ’ವೆಂದು ಅವರೇ ಕರೆದುಕೊಂಡ ವ್ಯಾಪಾರದ ನಡಾವಳಿ. ಬಣಂಜು ಎಂಬುದು ವಾಣಿಜ್ಯವನ್ನು ಹೇಳುವ ಶಬ್ದ. ಅದರಿಂದ ಬಂದ ಹೆಸರು ಮುಂದೆ ಒಂದು ಜಾತಿಯ ಹೆಸರಾಯಿತೆಂಬುದು ನಿಜ. ಆದರೆ ಹೆಸರು ಉಳಿದು ಬಂದಿತೆಂಬುದರಿಂದ ಸಮೂಹವೂ ಹಾಗೆಯೇ ಉಳಿದು ಬಂದಿತೆಂದು ಹೇಳಲಾಗುವುದಿಲ್ಲ.

ಗಾವುಂಡ ಶಬ್ದದ ವಿಷಯವೂ ಇದೇ. ಊರಿನ ಅಥವಾ ನಾಡಿನ ಮುಖ್ಯಸ್ಥನ ಅಧಿಕಾರವನ್ನು ಸೂಚಿಸುವ ಹೆಸರದು. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಗಂಡನು ತೀರಿಕೊಂಡ ಮೇಲೆ ಜಕ್ಕಿಯಬ್ಬೆಯೆಂಬ ಜೈನ ಮಹಿಳೆಯು ನಾಗರಖಂಡ ಎಪ್ಪತ್ತರ ನಾಳ್ಗಾವುಂಡತನವನ್ನು ನಡೆಸಿ, ಬಂದಣಿಕೆಯಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದಳು. ಅಲ್ಲಿ ಗಾವುಂಡತನವು ಪಡೆದುಕೊಂಡ ಅಧಿಕಾರವೇ ಹೊರತು ಹುಟ್ಟಿನಿಂದ ಬಂದ ಜಾತಿನಾಮವಲ್ಲ. ಹೀಗಿರಲಾಗಿ, ಶಾಸನದಲ್ಲಿ ಗಾವುಂಡನೆಂಬ ಹೆಸರು ಕಂಡೊಡನೆ ಇಂದಿನ ಯಾವುದಾದರೊಂದು ಜಾತಿಗೆ ಅವನನ್ನು ಸೇರಿಸುವುದು ದುಡುಕು.

೫. ಊರು, ಒಕ್ಕಲು, ದೈವ

ಸಂಸ್ಕೃತಮೂಲದ ಶಬ್ದಗಳಷ್ಟೇ ಅಲ್ಲ, ದೇಶ್ಯ ಶಬ್ದಗಳೂ ವಿಚಾರಾರ್ಹವಾಗಿವೆ. ‘ಒಕ್ಕಲು’ ಎಂಬುದು ವಾಸಕ್ಕೆ ಸಂಬಂಧಿಸಿದ ಮಾತು. ಹೊಸ ಮನೆಯನ್ನು ಹೊಗುವುದು ಮನೆಯೊಕ್ಕಲು. ನೆಲೆ ತಪ್ಪಿಸುವುದು ಒಕ್ಕಲೆಬ್ಬಿಸುವುದು. ಭೂಮಾಲಿಕನ ಗೇಣಿದಾರನು ಅವನ ಒಕ್ಕಲು. ಮನೆದೇವರನ್ನು ನಂಬಿ ನಡೆದುಕೊಳ್ಳುವವರು ಆ ದೇವರ ಒಕ್ಕಲು. ಕೊಡಗಿನಲ್ಲಿ ‘ಒಕ್ಕ’ವೆಂದರೆ ತಂದೆಯ ಕಡೆಯಿಂದ ಬಂದ ಕೂಡುಕುಟುಂಬ, ೧೯೫೨ರಲ್ಲಿ ಪ್ರಕಟವಾದ ಎಂ. ಎನ್. ಶ್ರೀನಿವಾಸರ ಕೊಡವರ ಕುರಿತ ಗ್ರಂಥದಲ್ಲಿ ಈ ಒಕ್ಕದ ವಿಚಾರಕ್ಕೆ ಪ್ರಧಾನ ಸ್ಥಾನವಿದೆ. ಹೀಗೆ ನೆಲೆ, ಬೇಸಾಯ, ಭಕ್ತಿ, ಬಂಧುತ್ವ ಎಂಬ ನಾಲ್ಕು ಬಂಧಗಳೂ ಒಂದೇ ಶಬ್ದದ ನೆರಳಿನಲ್ಲಿ ಕುಳಿತಿವೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ದೈವ’ವೆಂದರೆ ದೇವರು ಮಾತ್ರವಲ್ಲ, ನ್ಯಾಯ ಹೇಳಲು ನೆರೆದ ಹಿರಿಯರ ಸಭೆಯೂ ದೈವವೇ. ‘ದೈವ ಕೂಡಿಸುವುದು’ ಎಂದರೆ ಸಭೆ ಸೇರಿಸುವುದು. ‘ಹತ್ತೂ ಸಮಸ್ತರು’ ಎಂಬ ನುಡಿಯು ಸಮಸ್ತ ಊರನ್ನು ಪ್ರತಿನಿಧಿಸುವವರನ್ನು ಹೇಳುತ್ತದೆ.

ಆದರೆ ಈ ‘ಸಮಸ್ತ’ದಲ್ಲಿ ಯಾರೆಲ್ಲ ಸೇರಿದ್ದರು ಎಂಬ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಲಾಗದು. ‘ಊರು-ಕೇರಿ’ ಎಂಬ ಜೋಡಿ ಶಬ್ದವೇ ಇದಕ್ಕೆ ಉತ್ತರವನ್ನು ಹೇಳುತ್ತದೆ. ಕೇರಿಯು ಊರಿನ ಒಳಗೇ ಇದ್ದಿದ್ದರೆ ಅದನ್ನು ಬೇರೆಯಾಗಿ ಹೆಸರಿಸುವ ಅಗತ್ಯವಿರಲಿಲ್ಲ. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ಈ ಜೋಡಿಶಬ್ದವನ್ನೇ ಹೆಸರಾಗಿ ಇಟ್ಟುದು ಅರ್ಥವತ್ತಾಗಿದೆ. ಅಗ್ರಹಾರದ ‘ಮಹಾಜನ’ದಲ್ಲಿ ಬ್ರಾಹ್ಮಣರಲ್ಲದವರಿಗೆ ಸ್ಥಾನವಿರಲಿಲ್ಲ, ದೈವದ ಕಟ್ಟೆಯ ಮೇಲೆ ಹೆಂಗಸರು ಕುಳಿತು ನ್ಯಾಯ ಹೇಳುವ ವಾಡಿಕೆಯಿರಲಿಲ್ಲ. ೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಡಾ. ಅಂಬೇಡ್ಕರರು ಗ್ರಾಮವನ್ನು ಆದರ್ಶವೆಂದು ಹಾಡಿಹೊಗಳುವುದನ್ನು ಕಟುವಾಗಿ ಖಂಡಿಸಿ, ರಾಜ್ಯಾಂಗದ ಕರಡು ಗ್ರಾಮವನ್ನಲ್ಲದೆ ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದುದಕ್ಕೆ ಸಂತೋಷವನ್ನು ಸೂಚಿಸಿದರು. ಹಳೆಯ ಸಮೂಹಗಳು ಇಂದಿನ ಜಾತಿಗಳಲ್ಲವೆಂದು ನಾವು ಹೇಳಿದ ಮಾತ್ರಕ್ಕೆ ಅವು ಸಮಾನತೆಯ ನೆಲೆಗಳಾಗಿದ್ದವೆಂದು ತಿಳಿಯಬಾರದು. ಜನರನ್ನು ಕೂಡಿಸುವ ಪ್ರತಿಯೊಂದು ಶಬ್ದವೂ ಒಂದು ಬೇಲಿಯನ್ನೂ ಹಾಕುತ್ತದೆ. ಬೇಲಿ ಎಲ್ಲಿದೆಯೆಂದು ಗುರುತಿಸುವುದು ಚರಿತ್ರಕಾರನ ಕರ್ತವ್ಯ.

೬. ಆಧುನಿಕ ಕಾಲದ ಪಲ್ಲಟ

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ‘ಕಮ್ಯುನಿಟಿ’ ಶಬ್ದವು ನಮ್ಮ ಆಡಳಿತವನ್ನೂ ವಿದ್ಯೆಯನ್ನೂ ಪ್ರವೇಶಿಸಿತು. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥವು ಹೊಣೆಯನ್ನು ಒಟ್ಟಾಗಿ ಹೊರುವುದು ಎಂಬುದಕ್ಕೆ ಸಮೀಪವಾದುದು. ಯೂರೋಪಿನ ಸಮಾಜಶಾಸ್ತ್ರಜ್ಞರು ಅದಕ್ಕೆ ಬೇರೆ ಬೇರೆ ಮಿತಿಗಳನ್ನು ಕಲ್ಪಿಸಿದರು. ಜರ್ಮನಿಯ ಫರ್ಡಿನಾಂಡ್ ಟೊನಿಸ್ ೧೮೮೭ರ ತನ್ನ ಗ್ರಂಥದಲ್ಲಿ ಸಹಜವಾದ ಆತ್ಮೀಯ ಬಂಧದ ಕೂಟವನ್ನೂ, ಉದ್ದೇಶಕ್ಕಾಗಿ ಕಟ್ಟಿಕೊಂಡ ಕೂಟವನ್ನೂ ಬೇರ್ಪಡಿಸಿದನು. ೧೯೧೭ರಲ್ಲಿ ಮ್ಯಾಕೈವರನು ಕಮ್ಯುನಿಟಿಯನ್ನು ಒಂದು ನೆಲದ ಸಮಗ್ರ ಸಹಜೀವನವೆಂದೂ, ಗೊತ್ತಾದ ಹಿತಕ್ಕಾಗಿ ರಚಿತವಾದುದು ಸಂಘವೆಂದೂ ವಿವರಿಸಿದನು. ನಮ್ಮ ದೇಶದಲ್ಲಿ ಮಾತ್ರ ಈ ಶಬ್ದವು ಬಹುಮಟ್ಟಿಗೆ ಮತಕ್ಕೂ ಜಾತಿಗೂ ಅಂಟಿಕೊಂಡಿತು.

ಇದಕ್ಕೆ ಕಾರಣಗಳಲ್ಲಿ ಜನಗಣತಿಯು ಪ್ರಮುಖವಾದುದು. ಮೈಸೂರು ಸಂಸ್ಥಾನದಲ್ಲಿ ೧೮೭೧ರಲ್ಲಿಯೂ, ಇಡೀ ಬ್ರಿಟಿಷ್ ಇಂಡಿಯದಲ್ಲಿ ಏಕಕಾಲಕ್ಕೆ ೧೮೮೧ರಲ್ಲಿಯೂ ಜನಗಣತಿ ನಡೆಯಿತು. ಗಣತಿಯ ಹಾಳೆಯಲ್ಲಿ ಒಬ್ಬನಿಗೆ ಒಂದೇ ಜಾತಿ, ಒಂದೇ ಮತ. ಅದೇ ವ್ಯಕ್ತಿಯು ಒಂದು ಊರಿನವನೂ, ಒಂದು ಕಸುಬಿನವನೂ, ಒಂದು ದೇವರ ಒಕ್ಕಲೂ, ಬಲಗೈ ಅಥವಾ ಎಡಗೈ ಪಂಗಡದವನೂ ಆಗಿದ್ದನು. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಅನೇಕ ಜಾತಿಗಳನ್ನು ಒಳಗೊಂಡ ಈ ಬಲಗೈ, ಎಡಗೈ ಪಂಗಡಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಇಂದು ಅವು ಬಹುಮಟ್ಟಿಗೆ ಮರೆತುಹೋಗಿವೆ. ದಲಿತರ ಒಳಗಿನ ಎರಡು ವಿಭಾಗಗಳಿಗೆ ಮಾತ್ರ ಆ ಹೆಸರುಗಳು ಉಳಿದಿವೆ. ಅಂಚು ಮಸುಕಾದ ಸಮೂಹಗಳು ಎಣಿಕೆಯ ಮೂಲಕ ಅಂಚುಳ್ಳ ಸಮೂಹಗಳಾದವೆಂದು ಸುದೀಪ್ತ ಕವಿರಾಜರು ಪ್ರತಿಪಾದಿಸಿರುವುದು ಈ ಸಂದರ್ಭಕ್ಕೆ ಚೆನ್ನಾಗಿ ಹೊಂದುತ್ತದೆ. ಗಣತಿಯು ಜಾತಿಯನ್ನು ಸೃಷ್ಟಿಸಿತೆಂದು ಹೇಳುವುದು ಅತಿಶಯೋಕ್ತಿ. ಅನೇಕ ಬಂಧಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಮಿಕ್ಕವುಗಳಿಗಿಂತ ಹೆಚ್ಚಿನ ಬಲವನ್ನು ಕೊಟ್ಟಿತೆಂದು ಹೇಳುವುದು ಯುಕ್ತ.

ಹೊಸ ಸಮೂಹಪ್ರಜ್ಞೆಗೆ ಹಳೆಯ ಶಬ್ದಗಳೇ ಉಡುಪಾದವು. ಅಶೋಕನ ಗಿರ್ನಾರಿನ ಮೊದಲನೆಯ ಶಿಲಾಶಾಸನದಲ್ಲಿ ‘ಸಮಾಜ’ವೆಂದರೆ ಉತ್ಸವಕ್ಕಾಗಿ ನೆರೆದ ಜನಜಂಗುಳಿ, ಅಶೋಕನು ಅಂತಹ ಸಮಾಜಗಳಲ್ಲಿ ದೋಷವನ್ನು ಕಂಡು, ಕೆಲವನ್ನು ಮಾತ್ರ ಒಳ್ಳೆಯವೆಂದನು. ಬ್ರಾಹ್ಮ ಸಮಾಜವು ೧೮೨೮ರಲ್ಲಿಯೂ, ಆರ್ಯ ಸಮಾಜವು ೧೮೭೫ರಲ್ಲಿಯೂ ಸ್ಥಾಪಿತವಾದ ಹೊತ್ತಿಗೆ ಅದು ಸುಧಾರಣೆಯ ಸಂಸ್ಥೆಗೆ ಹೆಸರಾಗಿತ್ತು. ಈಗ ಅದು ಇಡೀ ಜನಜೀವನಕ್ಕೆ ಹೆಸರು. ‘ಸಂಘ’ವು ಬೌದ್ಧರಲ್ಲಿ ದೀಕ್ಷೆ ಪಡೆದವರ ಕೂಟ, ಜೈನರಲ್ಲಿ ಮೂಲಸಂಘ, ದೇಶೀಯಗಣ, ಪುಸ್ತಕಗಚ್ಛ ಎಂಬ ಗುರುಪರಂಪರೆಯ ವಿಭಾಗಗಳಲ್ಲಿ ಮೊದಲನೆಯದು. ಹುಟ್ಟನ್ನು ಬಿಟ್ಟು ಬಂದವರ ಕೂಟಕ್ಕೆ ಸಲ್ಲುತ್ತಿದ್ದ ಈ ಹೆಸರನ್ನು ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿನಿಂದಲೇ ಸದಸ್ಯತ್ವ ದೊರೆಯುವ ಸಂಸ್ಥೆಗಳು ಧರಿಸಿದವು. ೧೯೦೬ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘವು ಸ್ಥಾಪಿತವಾಯಿತು. ೧೯೦೪ರಲ್ಲಿ ವೀರಶೈವ ಮಹಾಸಭೆಯು ಆರಂಭವಾಗಿತ್ತು. ಇಂತಹ ಸಂಸ್ಥೆಗಳು ವಿದ್ಯಾರ್ಥಿನಿಲಯಗಳನ್ನೂ ಶಾಲೆಗಳನ್ನೂ ಕಟ್ಟಿ ಸಾವಿರಾರು ಬಡ ಹುಡುಗರಿಗೆ ವಿದ್ಯೆಯ ದಾರಿಯನ್ನು ತೆರೆದುವೆಂಬುದನ್ನು ಮರೆಯುವಂತಿಲ್ಲ. ನಾವು ಹೇಳುವುದು ಇಷ್ಟೇ: ಇಲ್ಲಿ ಸಂಘವೆಂಬ ಒಪ್ಪಂದದ ರೂಪವೂ ಕುಲವೆಂಬ ಹುಟ್ಟಿನ ಬಂಧವೂ ಮೊದಲಬಾರಿಗೆ ದೊಡ್ಡ ಪ್ರಮಾಣದಲ್ಲಿ ಬೆಸೆದುಕೊಂಡವು.

‘ಕೋಮು’ ಶಬ್ದದ ಗತಿಯು ಇನ್ನೂ ವಿಚಿತ್ರವಾದುದು. ಅರಬಿಯ ‘ಕೌಮ್’ ಎಂಬ, ಜನ ಅಥವಾ ಜನಾಂಗವೆಂಬ ಅರ್ಥದ ಶಬ್ದದಿಂದ ಇದು ಬಂದಿದೆ. ಒಂದು ಕಾಲಕ್ಕೆ ಅದು ಯಾವ ಕಳಂಕವೂ ಇಲ್ಲದ ಮಾತಾಗಿತ್ತು. ‘ಕೋಮುವಾದ’, ‘ಕೋಮುಗಲಭೆ’ ಎಂಬ ಸಮಾಸಗಳಲ್ಲಿ ಸಿಲುಕಿದ ಮೇಲೆ ಈಗ ಯಾರೂ ತಮ್ಮನ್ನು ಕೋಮು ಎಂದು ಕರೆದುಕೊಳ್ಳಲು ಇಚ್ಛಿಸುವುದಿಲ್ಲ. ಅದು ತೆರವು ಮಾಡಿದ ಸ್ಥಾನಕ್ಕೆ ‘ಜನಾಂಗ’ವೂ ‘ಸಮುದಾಯ’ವೂ ಬಂದಿವೆ. ‘ಜಾತಿ’ಯೆಂದು ಬಾಯಿಬಿಟ್ಟು ಹೇಳಲು ಸಂಕೋಚವಾದ ಕಡೆಗಳಲ್ಲಿ ಪತ್ರಿಕೆಗಳೂ ಭಾಷಣಕಾರರೂ ‘ಸಮುದಾಯ’ವನ್ನು ಬಳಸುತ್ತಾರೆ. ಸಭ್ಯತೆಗಾಗಿ ಆರಿಸಿದ ಶಬ್ದವು ಹೀಗೆ ಸಂಗತಿಯನ್ನು ಮುಚ್ಚುವ ಶಬ್ದವೂ ಆಗಿದೆ.

೭. ಶಾಸನಸಭೆ ಮತ್ತು ನ್ಯಾಯಾಲಯದ ಶಬ್ದಗಳು

ಶಬ್ದದ ಆಯ್ಕೆಯಿಂದ ಬದುಕೇ ಬದಲಾಗಬಹುದೆಂಬುದಕ್ಕೆ ನಮ್ಮ ಸಂವಿಧಾನವು ಸಾಕ್ಷಿ. ಅದು ಉದ್ಯೋಗದಲ್ಲಿ ಮೀಸಲಾತಿಯನ್ನು ಹೇಳುವ ಹದಿನಾರನೆಯ ವಿಧಿಯಲ್ಲಿ ಬಳಸಿದ್ದು ‘ಹಿಂದುಳಿದ ವರ್ಗ’ವೆಂಬ ಶಬ್ದವನ್ನು, ಜಾತಿ ಅಥವಾ ಸಮುದಾಯವೆಂಬ ಶಬ್ದವನ್ನಲ್ಲ. ಮದರಾಸು ಪ್ರಾಂತದ ಕಾಲೇಜು ಸ್ಥಾನಗಳನ್ನು ಸಮುದಾಯವಾರು ಹಂಚುತ್ತಿದ್ದ ಆಜ್ಞೆಯನ್ನು ೧೯೫೧ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿತು; ಅದೇ ವರ್ಷ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯಾಗಿ, ಹದಿನೈದನೆಯ ವಿಧಿಗೆ ನಾಲ್ಕನೆಯ ಖಂಡವು ಸೇರಿ, ಅಲ್ಲಿಯೂ ‘ವರ್ಗ’ವೇ ಬಂದಿತು. ೧೯೬೨ರಲ್ಲಿ ಬಾಲಾಜಿ ಮತ್ತು ಮೈಸೂರು ರಾಜ್ಯದ ನಡುವಣ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ವರ್ಗದ ಹಿಂದುಳಿದಿರುವಿಕೆಯನ್ನು ನಿರ್ಣಯಿಸುವಾಗ ಜಾತಿಯು ಗಣನೆಗೆ ಬರಬಹುದಾದರೂ ಅದೊಂದೇ ಅಳತೆಗೋಲಾಗಲಾರದೆಂದು ತೀರ್ಪಿತ್ತಿತು. ವರ್ಗವೆಂದರೇನು, ಜಾತಿಯೆಂದರೇನು ಎಂಬ ಶಬ್ದಾರ್ಥದ ಚರ್ಚೆಯ ಮೇಲೆ ಎಷ್ಟೋ ವಿದ್ಯಾರ್ಥಿಗಳ ಕಾಲೇಜು ಪ್ರವೇಶವು ನಿಂತಿತ್ತು. ೨೦೨೫ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರಕಾರವು ಮುಂದಿನ ಜನಗಣತಿಯಲ್ಲಿ ಜಾತಿಯ ಎಣಿಕೆಯನ್ನೂ ಸೇರಿಸುವುದಾಗಿ ಪ್ರಕಟಿಸಿದ ಮೇಲೆ ಈ ಚರ್ಚೆಗೆ ಮತ್ತೆ ಕಾವು ಬಂದಿದೆ.

ಮತ್ತೊಂದು ಕಡೆಯಲ್ಲಿ, ೧೯೫೨ರ ಅಕ್ಟೋಬರ್ ೨ರಂದು ಆರಂಭವಾದ ಗ್ರಾಮಾಭಿವೃದ್ಧಿಯ ಯೋಜನೆಗೆ ಕನ್ನಡದಲ್ಲಿ ‘ಸಮುದಾಯ ಅಭಿವೃದ್ಧಿ’ ಎಂಬ ಹೆಸರು ರೂಢಿಯಾಯಿತು. ಅಲ್ಲಿಯ ಸಮುದಾಯವು ವಿಜ್ಞಾನೇಶ್ವರನ ಪೂಗ. ಒಂದೇ ಸ್ಥಳದಲ್ಲಿ ವಾಸಿಸುವ ನಾನಾ ಜಾತಿಗಳ ಜನ. ಆರೋಗ್ಯ ಕೇಂದ್ರದ ಫಲಕದ ಮೇಲಿನ ಸಮುದಾಯವು ಈ ಬಳಕೆಯ ಮುಂದುವರಿಕೆ. ಜಾತಿಯ ಭವನದ ಮೇಲಿನ ಸಮುದಾಯವು ಕುಲ. ಒಂದೇ ಬೀದಿಯ ಎರಡು ಫಲಕಗಳ ನಡುವಿನ ಅಂತರವನ್ನು ಒಂಬೈನೂರು ವರ್ಷಗಳ ಹಿಂದೆಯೇ ಶಾಸ್ತ್ರಕಾರನೊಬ್ಬನು ಹೆಸರಿಸಿದ್ದನು. ನಾವು ಆ ಹೆಸರುಗಳನ್ನು ಕಳೆದುಕೊಂಡಿದ್ದೇವೆ.

೮. ಉಪಸಂಹಾರ

ಮೇಲಿನ ವಿಚಾರದಿಂದ ಸಮುದಾಯವೆಂಬ ಶಬ್ದವನ್ನೇ ಬಿಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಕೂಡಿ ಮೇಲೇಳುವುದು, ಒಟ್ಟುಗೂಡುವುದು ಎಂಬ ಧಾತ್ವರ್ಥವುಳ್ಳ ಒಳ್ಳೆಯ ಶಬ್ದವದು. ಬುಕ್ಕರಾಯನ ಶಾಸನದಲ್ಲಿಯೂ ಅದಕ್ಕೆ ಗೌರವದ ಸ್ಥಾನವುಂಟು. ಆದರೆ ಅದನ್ನು ಬಳಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಈ ಜನರನ್ನು ಕೂಡಿಸಿದ ಬಂಧ ಯಾವುದು: ನೆಲವೇ, ಕಸುಬೇ, ರಕ್ತವೇ, ಒಪ್ಪಂದವೇ? ಹೊರಗಿನವನು ಇದರೊಳಗೆ ಬರಬಹುದೇ, ಒಳಗಿನವನು ಬಿಟ್ಟುಹೋಗಬಹುದೇ? ಇದರ ಹೆಸರಿನಲ್ಲಿ ಮಾತನಾಡುವವರು ಯಾರು, ಮಾತನಾಡಲು ಎಡೆಯಿಲ್ಲದವರು ಯಾರು? ಇವಕ್ಕೆ ಉತ್ತರ ದೊರೆತಾಗ ಯಾವ ಶಬ್ದವನ್ನು ಬಳಸಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಅಧ್ಯಾಪಕರಲ್ಲಿ ನಮ್ಮದೊಂದು ವಿನಂತಿ. ಶಾಸನಗಳನ್ನು ಪಾಠ ಹೇಳುವಾಗ ಸಮಯವನ್ನು ಸಮಯವೆಂದೂ, ಐವತ್ತೊಕ್ಕಲನ್ನು ಐವತ್ತೊಕ್ಕಲೆಂದೂ ಉಳಿಸಿ, ಅರ್ಥವನ್ನು ಬೇರೆಯಾಗಿ ವಿವರಿಸುವುದು ಸೂಕ್ತ. ಒಂದು ಅಪರಿಚಿತ ಶಬ್ದದ ಮುಂದೆ ವಿದ್ಯಾರ್ಥಿಯು ಒಂದು ಗಳಿಗೆ ನಿಲ್ಲುವುದು ನಷ್ಟವಲ್ಲ. ಪರಿಚಿತ ಶಬ್ದವೊಂದು ಅವನನ್ನು ನಿಲ್ಲದಂತೆ ಮುಂದಕ್ಕೆ ಸಾಗಿಸಿ, ತನ್ನ ಕಾಲದ ಜಗಳವನ್ನೇ ಹಿಂದಿನ ಕಾಲದಲ್ಲಿಯೂ ಕಾಣುವಂತೆ ಮಾಡಿದರೆ ಅದು ದೊಡ್ಡ ನಷ್ಟ. ನಮ್ಮ ಹಿಂದಿನವರು ಹಲವು ಬಗೆಗಳಲ್ಲಿ ಕೂಡಿ ಬಾಳಿದರು, ಹಲವು ಬಗೆಗಳಲ್ಲಿ ಪರಸ್ಪರರನ್ನು ಹೊರಗಿಟ್ಟರು. ಆ ಎರಡನ್ನೂ ಅವರವರ ಶಬ್ದಗಳಲ್ಲಿಯೇ ಕೇಳಿದಾಗ, ಹುಟ್ಟಿನ ಬಂಧವೊಂದೇ ನಮಗೆ ಒದಗಿದ ಬಂಧವಲ್ಲವೆಂಬ ಅರಿವು ಮೂಡುತ್ತದೆ. ಇಂದಿನ ಕಾಲೇಜುಗಳಲ್ಲಿ ಚರಿತ್ರೆಯನ್ನು ಓದುವ ತರುಣರಿಗೆ ಈ ಅರಿವು ಪರೀಕ್ಷೆಯ ಅಂಕಗಳಿಗಿಂತ ಹೆಚ್ಚು ಕಾಲ ಉಪಯೋಗಕ್ಕೆ ಬರುವುದೆಂದು ನಾವು ನಂಬಿದ್ದೇವೆ.